ಕೆಂಪು ಬಣ್ಣದ ಏಡಿಗಳು

ನಮ್ಮಜ್ಜಿ ಇವತ್ತು ಒಂದು ಸಂಶೋಧನೆಯನ್ನೇ ಬೇಯಿಸಿಬಿಟ್ಟಳು ಕಣ್ರೋ.

ಮಾದಿಹಳ್ಳಿಯ ಹಳ್ಳದಲ್ಲಿ ಏಡಿಗಳು ಕಡಿಮೆಯಾಗುತ್ತಿವೆಯೆಂದು ಎಣಿಸಲು ಒಬ್ಬ ಮೇಡಂ ಬಂದಿದ್ದಾರೆ. ಬಿಲ ತೋರಿಸುವ ಕೆಲಸ ನನ್ನದು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ಕೇಳಿದ್ದರು. "ಹಿಡ್ಕಂಡು ತಿಂದೇ ಗೊತ್ತು ಮೇಡಂ" ಎಂದಿದ್ದೆ.

ಬೆಳಿಗ್ಗೆ ಸಿಕ್ಕ ಎಂಟು ಏಡಿಗಳ ಬೆನ್ನಿಗೆ ಗುರುತಿಗೆಂದು ಕೆಂಪು ನೇಲ್ ಪಾಲಿಶ್ ಹಚ್ಚಿದೆವು. ತೂಕ ಮಾಡಿ ಹಳ್ಳಕ್ಕೆ ಬಿಡಬೇಕಿತ್ತು. ಅವನ್ನು ನಮ್ಮನೆಯ ಬಕೆಟ್ಟಿನಲ್ಲಿಟ್ಟು ತಕ್ಕಡಿ ತರಲು ಹೋದೆವು. ಬಂದಾಗ ಬಕೆಟ್ ಖಾಲಿ.

"ಬೆಳಗ್ಗಿಂದ ಕೆಮ್ತಿದ್ರಲ್ಲವ್ವಾ, ಏಡಿ ಸಾರು ಮಾಡಿವ್ನಿ, ಕುಡೀರಿ. ಯಾವನೋ ಬಣ್ಣ ಬೇರೆ ಬಳ್ದವ್ನೆ, ಉಜ್ಜಿ ಉಜ್ಜಿ ಸಾಕಾಯ್ತು" ಎಂದಳು ಅಜ್ಜಿ.

ಮೇಡಂ ಅಳುವಂತಾದರು. "ಹೊಟ್ಟೆ ಕೆಳಗೆ ಮರಿಗಳಿದ್ದ ಏಡಿ?"

"ಅಯ್ಯೋ, ಮರಿ ಹೊತ್ತಿರೋ ತಾಯೀನ ಯಾರಾದ್ರೂ ಬೇಯಿಸ್ತಾರಾ? ಅದನ್ನ ಆಗ್ಲೇ ಹಳ್ಳಕ್ಕೆ ಬಿಟ್ ಬಂದೆ."

ಮೇಡಂ ಪುಸ್ತಕ ತೆಗೆದು, ಆ ಏಡಿಯನ್ನು ಉಳಿಸಿದವರು ಅಜ್ಜಿ ಎಂದು ಬರೆದುಕೊಂಡರು. ಮಿಕ್ಕ ಏಳು ಎಲ್ಲಿ ಎಂಬಲ್ಲಿ ಪೆನ್ನು ನಿಂತಿತು.

"ಸಾರಿಗೆ ಹೋದ್ವು ಅಂತ ನಿಜಾನೇ ಬರೀರಿ ಮೇಡಂ" ಎಂದೆ. ಬರೆದರು.

ಆಮೇಲೆ ಸಾರನ್ನೂ ಕುಡಿದರು. ಸಂಜೆಯ ಹೊತ್ತಿಗೆ ಅವರ ಕೆಮ್ಮು ನಿಂತಿತ್ತು. ಅದನ್ನು ಬರೆದುಕೊಳ್ಳಲಿಲ್ಲ. ಅದಕ್ಕೇ ನಾನು ಇಲ್ಲಿ ಬರೆದಿದ್ದೇನೆ.