ಕೈ ಎತ್ತುವ ಅಭ್ಯಾಸ

ರಾಬರ್ಟ್‌ಸನ್‌ಪೇಟೆಯ ದರ್ಜಿಗಳು ಗಿರಾಕಿಗೆ ‘ಸ್ವಲ್ಪ ಕೈ ಎತ್ತಿ’ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಟೇಪು ಹತ್ತಿರ ಬರುವ ಮೊದಲೇ ನಮ್ಮವರ ತೋಳುಗಳು ತಾವಾಗಿ ಮೇಲೇರಿರುತ್ತಿದ್ದವು. ಚಿನ್ನದ ಗಣಿಯಲ್ಲಿ ದುಡಿಯುವವನು ದಿನವೂ ಗೇಟಿನಲ್ಲಿ ಕೈ ಎತ್ತಿ, ಊಟದ ಡಬ್ಬಿ ತೆರೆದು, ತಾನು ಚಿನ್ನದ ಚೂರನ್ನೂ ಒಯ್ಯುತ್ತಿಲ್ಲವೆಂದು ತೋರಿಸಿಯೇ ಮನೆಗೆ ಹೋಗಬೇಕಿತ್ತು. ನಾನೋ ಚಾಂಪಿಯನ್ ರೀಫ್ಸ್ ಗಣಿಯ ಕಚೇರಿಯಲ್ಲಿ ಮಸಿಯನ್ನಷ್ಟೇ ಮೈಗಂಟಿಸಿಕೊಳ್ಳುತ್ತಿದ್ದ ಗುಮಾಸ್ತ. ಆದರೂ ಈ ವಿದ್ಯೆಯಲ್ಲಿ, ಅಕ್ಷರಶಃ, ಎತ್ತಿದ ಕೈ. ಖಾಕಿ ತೊಟ್ಟು ಬಾಗಿಲಿಗೆ ಬಂದ ಅಂಚೆಯವನೆದುರೂ ಒಮ್ಮೆ ಹಾಗೆ ನಿಂತು ಹೆಂಡತಿಯ ನಗೆಗೆ ವಸ್ತುವಾಗಿದ್ದೆ.

ಎಪ್ಪತ್ತರ ದಶಕದ ನಡುವಿನ ಆ ತುರ್ತುಪರಿಸ್ಥಿತಿಯ ವರ್ಷಗಳಲ್ಲಿ, ಓದುಗರೇ, ಜನ ನಗುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದರು. ಒಂದು ಸಂಜೆ ಬಂಗಾರಪೇಟೆಯ ರೈಲಿನಲ್ಲಿ ವ್ಯಾಪಾರಿಯೊಬ್ಬರ ಕೈಗಡಿಯಾರ ಕಾಣೆಯಾಯಿತು. ಅವರ ಪಕ್ಕದಲ್ಲಿ, ಉರಿಗಾಂನ ಮನೆಗಳಿಗೆ ಹಾಲು ಹಾಕಿ ಹಳ್ಳಿಗೆ ಮರಳುತ್ತಿದ್ದ ಮುನಿವೆಂಕಟಮ್ಮ ಖಾಲಿ ಕ್ಯಾನು ಹಿಡಿದು ಕೂತಿದ್ದಳು. ಖಾಕಿಯ ಅಧಿಕಾರಿಯೊಬ್ಬ ಬೋಗಿಯೊಳಗೆ ಬಂದದ್ದೇ ತಡ, ಯಾರೂ ಕೇಳದಿದ್ದರೂ ಗಣಿಯವರೆಲ್ಲ ಎದ್ದು ಕೈ ಎತ್ತಿದೆವು. ಅವನ ಸಂಶಯ ಮಾತ್ರ ನೇರವಾಗಿ ಆಕೆಯ ಮೇಲೆ ಹೋಯಿತು. ಕ್ಯಾನು ತಲೆಕೆಳಗು ಮಾಡಿದರೂ ಏನೂ ಬೀಳಲಿಲ್ಲ. ಆಕೆಯನ್ನು ಬಂಗಾರಪೇಟೆಯಲ್ಲಿ ಇಳಿಸಿ ಠಾಣೆಗೆ ಒಯ್ಯಲು ಅವನಿಗೊಂದು ಸಾಕ್ಷಿ ಬೇಕಿತ್ತು; ಹಾಗೆ ಹೋದವರು ಯಾವಾಗ ಬರುತ್ತಾರೆಂದು ಆಗೆಲ್ಲ ಯಾರೂ ಕೇಳುವಂತಿರಲಿಲ್ಲ. ಎದುರು ಸೀಟಿನ, ಕನ್ನಡಕಧಾರಿಯಾದ ನಾನು ಅವನ ಕಣ್ಣಿಗೆ ಬಿದ್ದೆ.

“ಓದಿದೋರು ನೀವು. ಇವಳು ತೆಗೆದಿದ್ದು ನೋಡಿದ್ರಿ ತಾನೆ?”

ಹೂಂ ಎಂದುಬಿಡುವುದು ಬಹಳ ಸುಲಭವಿತ್ತು.

“ಇಲ್ಲ ಸಾರ್. ನಾನು ಎದುರಿಗೇ ಇದ್ದೆ. ಆಯಮ್ಮ ಕೂತಲ್ಲಿಂದ ಅಲ್ಲಾಡಿಲ್ಲ.”

“ಕೆಲಸ ಬೇಕೋ ಬೇಡ್ವೋ?”

“ಬೇಕು ಸಾರ್. ಆದ್ರೂ ನೋಡಿಲ್ಲ.”

ಹಿಂದಿನಿಂದ ಯಾರೋ “ನಾವೂ ನೋಡ್ಲಿಲ್ಲ” ಎಂದರು. ಇನ್ನೊಬ್ಬರು ಅದನ್ನೇ ತಮಿಳಿನಲ್ಲಿ ಅಂದರು. ರೈಲು ನಿಂತಿತು. ಅವನು ನನ್ನ ಮುಖವನ್ನು ನೆನಪಿಟ್ಟುಕೊಳ್ಳುವವನಂತೆ ದಿಟ್ಟಿಸಿ, ಒಬ್ಬನೇ ಇಳಿದುಹೋದ.

ಗೇಟಿನವರು ಇಷ್ಟು ವರ್ಷ ಕಿಸೆ ತಡಕಿದರೂ ಅವರ ಕೈಗೆ ಸಿಗದ ಏನೋ ಒಂದು ನನ್ನೊಳಗೆ ಉಳಿದಿದೆಯೆಂದು ನನಗೂ ಅಂದೇ ತಿಳಿಯಿತು. ನಾಳೆಯ ಭಯದ ನಡುವೆಯೂ ಸಂತೋಷವಾಯಿತು. ಧೀರನಂತೆ ಎದೆಯುಬ್ಬಿಸಿ ನಿಂತಿದ್ದೆ. ಮುನಿವೆಂಕಟಮ್ಮ ಕ್ಯಾನು ಎತ್ತಿಕೊಂಡು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಮೆಲ್ಲಗೆ ಹೇಳಿದಳು:

“ಇನ್ನಾ ಕೈ ಇಳ್ಸಪ್ಪಾ. ಅವ್ನು ಒಂಟೋದ.”