ಕಿಂಡಿಯಲ್ಲಿ ಯಾರನ್ನು ನಿಲ್ಲಿಸಬೇಕು

ಸರಕಿನ ಹಡಗು ಬಂದ ದಿನ ವುನಿವಾಯಿ ಎಂಬ ದ್ವೀಪದೂರಿನ ಹಡಗುಕಟ್ಟೆಯ ಮೇಲೆ ಮೆರೆಸೇನಿಯ ಬಾಯಿಗೆ ಸಿಕ್ಕವನ ಕತೆ ಮುಗಿದಂತೆಯೇ. ಹಿಟ್ಟಿನ ಮೂಟೆ ಯಾರು ಹೊರಬೇಕು, ಹಗ್ಗ ಯಾರು ಹಿಡಿಯಬೇಕು ಎಂದು ಹೇಳುವವಳು ಅವಳೇ. ಐವತ್ತು ದಾಟಿದ ಹೆಂಗಸು, ಯಾವ ಹುದ್ದೆಯೂ ಇಲ್ಲ. ಆದರೂ ಅವಳು ತೋರಿಸಿದ ಜಾಗದಲ್ಲೇ ಜನ ನಿಲ್ಲುತ್ತಾರೆ. ಕೋಪ ಅವಳ ಮೂಗಿನ ತುದಿಯಲ್ಲೇ ಇದೆ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಎಂಟನೇ ತರಗತಿಯಲ್ಲಿ ಅವಳಿಗೆ ಆದದ್ದು ಇವರಿಗೆ ಆಗಿದ್ದರೆ ಇವರ ಕೋಪ ಎಲ್ಲಿರುತ್ತಿತ್ತೋ ನೋಡಬೇಕಿತ್ತು.

ದ್ವೀಪದ ಆ ಶಾಲೆಯಲ್ಲಿ ವರ್ಷದ ಕೊನೆಗೆ ಎಂಟನೆಯವರು ಸೇರಿ ಮೀನು ಸುತ್ತುಗಟ್ಟುತ್ತಾರೆ. ಬಳ್ಳಿಗೆ ತೆಂಗಿನ ಗರಿ ಹೆಣೆದ ಉದ್ದನೆಯ ಹಗ್ಗ ಹಿಡಿದು, ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ಸುತ್ತ ನಿಂತು, ಸುತ್ತನ್ನು ಕಿರಿದು ಮಾಡುತ್ತ ಬರುವುದು. ಗರಿಯ ನೆರಳಿಗೆ ಬೆದರಿ ಮೀನೆಲ್ಲ ನಡುವೆ ಸೇರುತ್ತದೆ. ವರ್ಷವಿಡೀ ಶಾಲೆಗೆ ಗೆಣಸು, ಕೆಸವು ಕೊಟ್ಟ ಊರಿಗೆ ಮಕ್ಕಳು ಇಕ್ಕುವ ಊಟದ ಮೀನು ಅದು. ಮುಂದಾಳು ಯಾವಾಗಲೂ ಹುಡುಗ, ಅದೂ ಊರ ಯಜಮಾನರ ಮನೆಯವನು. ಆ ವರ್ಷ ಹೊಸ ಟೀಚರು ಮಕ್ಕಳಿಂದ ಚೀಟಿ ಬರೆಸಿದಳು. ಅಜ್ಜಿಯ ಜೊತೆ ಹವಳದ ದಿಬ್ಬ ಸುತ್ತಿ ನೀರಿನ ಏರಿಳಿತ ಕಲಿತಿದ್ದ ಮೆರೆಸೇನಿಯ ಹೆಸರಿಗೇ ಹೆಚ್ಚು ಚೀಟಿ ಬಿದ್ದವು. ಹೆಡ್ಮಾಸ್ಟರ್ ವೈಸಾಕೆ ಮುಖ ಹುಳಿ ಮಾಡಿಕೊಂಡ. ಊಟ ಕೆಟ್ಟರೆ ಇನ್ನು ಮುಂದೆ ಯಾವ ಹುಡುಗಿಗೂ ಮುಂದಾಳುತನವಿಲ್ಲ ಎಂದು ತರಗತಿಯ ಎದುರೇ ಹೇಳಿಬಿಟ್ಟ. ಹದಿಮೂರರ ಹುಡುಗಿಯ ತಲೆಯ ಮೇಲೆ ಶಾಲೆಯ ಅಷ್ಟೂ ಹುಡುಗಿಯರನ್ನು ಹೇರಿದ ಆ ಮನುಷ್ಯನನ್ನು ಏನೆಂದು ಬೈಯುವುದು?

ಯಾರು ಎಲ್ಲಿ ಎಂಬುದನ್ನು ಗೊತ್ತುಮಾಡಿದವಳು ಮೆರೆಸೇನಿಯೇ. ದಿಬ್ಬದ ನಡುವಿನ ಕಿಂಡಿಯಿಂದ ಮೀನು ಕಡಲಿಗೆ ನುಗ್ಗುತ್ತದೆ. ಅಲ್ಲಿ ಗಟ್ಟಿಯಾಳು ಬೇಕು. ತರಗತಿಯಲ್ಲಿ ಎಲ್ಲರಿಗಿಂತ ಗಟ್ಟಿ ಅವಳ ದೊಡ್ಡಪ್ಪನ ಮಗ ಅಪಕೂಕಿ. ಪಟ್ಟಿಯಲ್ಲಿ ಅಲ್ಲಿಗೆ ಅವನನ್ನೇ ಬರೆದಳು.

ದೊಡ್ಡಪ್ಪನ ಮಗನೆಂದರೆ ಅಣ್ಣ. ಆ ದ್ವೀಪದ ರೂಢಿಯಲ್ಲಿ ಮೀಸೆ ಚಿಗುರುವ ವಯಸ್ಸಿಗೆ ಅಣ್ಣ ತಂಗಿ ನೇರ ಮಾತಾಡುವುದು ನಿಂತುಹೋಗುತ್ತದೆ, ಹೆಸರು ಹಿಡಿದು ಕೂಗುವ ಮಾತೇ ಇಲ್ಲ. ಇದು ಅವಳಿಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಗೊತ್ತು. ಆದರೆ ಬರೆಯುವಾಗ ಅವನ ತೋಳು ಕಂಡಿತೇ ಹೊರತು ತನ್ನ ಬಾಯಿ ನೆನಪಾಗಲಿಲ್ಲ.

ಗುರುವಾರ ಸುತ್ತು ಅರ್ಧ ಕಿರಿದಾಗಿತ್ತು. ಪಾರೆ ಮೀನಿನ ಹಿಂಡು ನಡುವೆ ಮಿಂಚುತ್ತಿತ್ತು. ಆಗಲೇ ದೂರದಲ್ಲಿ ಸರಕಿನ ಹಡಗು ಕಂಡು ಅಪಕೂಕಿ ಆ ಕಡೆ ತಿರುಗಿ ನಿಂತ. ಅವನ ಕೈಯ ಹಗ್ಗ ತಳಕ್ಕಿಳಿಯಿತು. ಮೆರೆಸೇನಿಗೆ ಕಂಡಿತು. ಕೂಗಲು ಬಾಯಿ ತೆರೆದಳು, ಮುಚ್ಚಿದಳು. ಅವರಿಬ್ಬರ ನಡುವೆ ಹಗ್ಗ ಹಿಡಿದು ನಿಂತಿದ್ದವನು ಸೋದರತ್ತೆಯ ಮಗ ಕಿತಿಯೋನೆ. ಅವನನ್ನು ಎಷ್ಟು ಬೇಕಾದರೂ ಬೈಯಬಹುದು, ಅವನೂ ಬಿಡುವವನಲ್ಲ.

"ಕಿತಿಯೋನೆ, ಆ ಕಡೆಯವರಿಗೆ ಹಗ್ಗ ಎತ್ತೋಕೆ ಹೇಳೋ."

"ಯಾವ ಕಡೆಯವರಿಗೆ? ಅವರಿಗೆ ಹೆಸರಿಲ್ವೇನೆ?"

ಎಲ್ಲರೂ ನಕ್ಕರು. ಆ ನಗು ಮುಗಿಯುವಷ್ಟರಲ್ಲಿ ಹಿಂಡಿಗೆ ಹಿಂಡೇ ಕಿಂಡಿ ದಾಟಿತ್ತು.

ದಡದಲ್ಲಿ ವೈಸಾಕೆ ಖಾಲಿ ಬುಟ್ಟಿಗಳನ್ನು ಕಾಲಿನಿಂದ ಸರಿಸಿದ. "ಕೂಗೋಕೆ ಬಾಯೇ ಬರ್ಲಿಲ್ಲ, ಇವಳು ಮುಂದಾಳಂತೆ. ನಾಳೆ ಯಜಮಾನರ ಹುಡುಗ ನಿಲ್ತಾನೆ."

ಅವಳ ಮೈಯೆಲ್ಲ ಉರಿಯಿತು. ಅಣ್ಣನ ಮೇಲೆ, ನಕ್ಕವರ ಮೇಲೆ, ಈ ಮನುಷ್ಯನ ಮೇಲೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಆ ಪಟ್ಟಿಯ ಮೇಲೆ, ತನ್ನದೇ ಅಕ್ಷರದ ಮೇಲೆ.

"ಊಟ ಇರೋದು ಶನಿವಾರ ಸಾರ್. ನಾಳೆನೂ ಇಳಿತ ಇದೆ. ತಪ್ಪು ಬರ್ದಿದ್ದು ನಾನು, ತಿದ್ದೋಳೂ ನಾನೇ."

ಹೊಸ ಟೀಚರು ಚೀಟಿ ಚೀಟಿಯೇ ಎಂದು ಅವಳ ಪಕ್ಕ ಬಂದು ನಿಂತಳು. ವೈಸಾಕೆಗೆ ಬೇರೆ ದಾರಿ ಇರಲಿಲ್ಲ.

ಶುಕ್ರವಾರ ಅಪಕೂಕಿಯ ಹೆಸರು ಮರಳಿನ ಬದಿಗೆ, ಮೀನಿಗೆ ದಾರಿಯೇ ಇಲ್ಲದ ಕಡೆಗೆ ಹೋಯಿತು. ಟೀಚರು ಪಟ್ಟಿ ಓದಿದಾಗ ಅವನು ತಲೆ ತಗ್ಗಿಸಿ ನೀರಿಗಿಳಿದ. ಕಿಂಡಿಗೆ ಬಂದವನು ಕಿತಿಯೋನೆ. ಒಣಕಲ. ಆದರೆ ಮೆರೆಸೇನಿಯ ಬಾಯಿ ಅವನವರೆಗೂ ಮುಟ್ಟುತ್ತಿತ್ತು.

"ಲೇ ಒಣಕಲ, ಹಗ್ಗ ಎತ್ತು. ಕತ್ತೆ ಹಂಗೆ ನಿಂತಿದೀಯಲ್ಲ."

"ಮದುವೆಗೆ ಮುಂಚೆನೇ ಹಿಂಗೆ ಬೈದ್ರೆ ಆಮೇಲೇನು ಗತಿ ನಂದು?"

"ಹಗ್ಗ ಬಿಟ್ಟವನಿಗೆ ಯಾರೋ ಹೆಣ್ಣು ಕೊಡ್ತಾರೆ? ಎತ್ತು."

ಹಗ್ಗ ಒಂದು ಗೇಣೂ ಇಳಿಯಲಿಲ್ಲ. ಬುಟ್ಟಿಗಳು ಸಾಲಲಿಲ್ಲ. ಇಂದಿಗೂ ಕಟ್ಟೆಯ ಮೇಲೆ ಹಗ್ಗದ ತುದಿಗೆ ಅವಳು ನಿಲ್ಲಿಸುವುದು ಗಟ್ಟಿಯಾಳನ್ನಲ್ಲ, ತಾನು ಬೈಯಬಲ್ಲವನನ್ನು.

ಶನಿವಾರ ಊರೆಲ್ಲ ಊಟಕ್ಕೆ ದೊಡ್ಡ ಮನೆಯಲ್ಲಿ ಚಾಪೆಯ ಮೇಲೆ ಕೂತಿತು. ವೈಸಾಕೆ ಎದ್ದು ನಿಂತು ನಮ್ಮ ಗಂಡುಹುಡುಗರ ತೋಳ್ಬಲ ಎಂದು ಉದ್ದಕ್ಕೆ ಮಾತಾಡಿದ. ಮೆರೆಸೇನಿಯ ಹೆಸರು ಅವನ ಬಾಯಿಂದ ಬರಲಿಲ್ಲ. ಬಾಗಿಲ ಬಳಿ ಹೆಂಗಸರ ನಡುವೆ ಕೂತಿದ್ದ ಅವಳು ಚಾಪೆಯ ಅಂಚನ್ನು ಉಗುರಿನಿಂದ ಕೀಳುತ್ತಿದ್ದಳು.

ದೊಡ್ಡ ಪಾರೆಯ ತಲೆ ಯಜಮಾನರಿಗೆ. ಎರಡನೆಯ ತಲೆ ಮೀನು ಹಿಡಿಸಿದವರಿಗೆ. ಅದು ಪ್ರತಿ ವರ್ಷ ಹೋಗುತ್ತಿದ್ದದ್ದು ಹೆಡ್ಮಾಸ್ಟರ ಮುಂದೆ. ಬಡಿಸುತ್ತಿದ್ದವನು ಅಪಕೂಕಿ. ವೈಸಾಕೆ ಆಗಲೇ ತನ್ನ ಮುಂದಿನ ಬಟ್ಟಲು ಸರಿಸಿ ಜಾಗ ಮಾಡಿಕೊಂಡಿದ್ದ. ಅಪಕೂಕಿ ಸೊಂಟ ಬಗ್ಗಿಸಿ ಅವನನ್ನು ದಾಟಿದ, ಗಂಡಸರನ್ನೆಲ್ಲ ದಾಟಿದ, ಬಾಗಿಲವರೆಗೂ ಬಂದು ಆ ತಲೆಯನ್ನು ತಂಗಿಯ ಮುಂದಿಟ್ಟ. ಅವಳ ಮುಖ ನೋಡಲಿಲ್ಲ, ಒಂದು ಮಾತೂ ಆಡಲಿಲ್ಲ. ಹಾಗೆಯೇ ಹಿಂದಿರುಗಿದ.

ಮೆರೆಸೇನಿ ವೈಸಾಕೆಯ ಮುಖ ನೋಡುತ್ತ, ಕಣ್ಣುಗುಡ್ಡೆಯನ್ನೂ ಬಿಡದೆ, ಕೊನೆಯ ಮುಳ್ಳಿನವರೆಗೂ ಅದನ್ನು ತಿಂದಳು.