ಕಟ್ಟು ಬಿಚ್ಚದ ಮೂರು ದಿನ

ಕಲ್ಲೂರಿನ ಕನಕಮ್ಮ ನೋವಿನ ಕೂಗು ಕೇಳುತ್ತಲೇ ಬೆಳೆದವಳು. ಅಪ್ಪ ಹಂಪಯ್ಯ ಎಲುಬು ಕಟ್ಟುವವನು. ಮಾನ್ವಿ ಸೀಮೆಯವರಷ್ಟೇ ಅಲ್ಲ, ದೇವದುರ್ಗದ ಜಾಲಹಳ್ಳಿ ಕಡೆಯವರೂ ಮುರಿದ ಕೈಕಾಲು ಹೊತ್ತುಕೊಂಡು ಅವನ ಮನೆಯ ಕಟ್ಟೆಗೆ ಬರುತ್ತಿದ್ದರು. ಅವನು ಎಲುಬು ಎಳೆಯುವಾಗ ಬಂದವರ ಭುಜ ಒತ್ತಿ ಹಿಡಿಯುವುದು ಮಗಳ ಕೆಲಸ. ಹತ್ತು ವರ್ಷಕ್ಕೇ ಅವಳು ದೊಡ್ಡ ಗಂಡಸರ ಒದೆ ತಿಂದೂ ಹಿಡಿತ ಬಿಡದೆ ಕೂರುವುದನ್ನು ಕಲಿತಿದ್ದಳು. ಓದಿನಲ್ಲಿ ಮಾತ್ರ ಹಿಂದೆ. ಹಟ ಹಿಡಿದು ಪಿಯುಸಿಗೆ ವಿಜ್ಞಾನ ತೆಗೆದುಕೊಂಡಾಗ ಮೇಷ್ಟ್ರೊಬ್ಬರು ಎದುರಿಗೇ ನಕ್ಕಿದ್ದರು.

ಎರಡನೇ ಪಿಯುಸಿಯ ಜನವರಿಯಲ್ಲಿ ಪೋತ್ನಾಳದ ಹುಸೇನಪ್ಪ ತನ್ನ ತಮ್ಮನನ್ನು ಕರೆತಂದ. ತಮ್ಮ ಅಂಜಿನೇಯ, ಇಪ್ಪತ್ತು ವರ್ಷದವನು, ಭತ್ತದ ಚೀಲ ಹೇರಿದ ಟ್ರ್ಯಾಕ್ಟರಿನಿಂದ ಬಿದ್ದು ಮೊಣಕಾಲ ಕೆಳಗೆ ಎಲುಬು ಮುರಿದುಕೊಂಡಿದ್ದ. ಹಂಪಯ್ಯ ಎಳೆದು ಕೂಡಿಸಿದ. ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದ. ಒಂದು ವಾರ ತನ್ನ ಮನೆಯಲ್ಲೇ ಇರಲಿ ಎಂದು ಪಡಸಾಲೆಯಲ್ಲಿ ಮಲಗಿಸಿಕೊಂಡ.

ನಾಲ್ಕನೇ ದಿನ ನೀರು ಕೊಡಲು ಹೋದ ಕನಕಮ್ಮ ಅಂಜಿನೇಯನ ಕಾಲ್ಬೆರಳು ನೋಡಿದಳು. ಕಪ್ಪಾಗಿದ್ದವು. ಮುಟ್ಟಿದರೆ ತಣ್ಣಗೆ.

"ಯಪ್ಪಾ, ಬಳ್ಳು ಕರ್ರಗಾಗ್ಯಾವ. ಕಟ್ಟು ಬಿಚ್ಚು."

"ಮೂವತ್ತು ವರ್ಷ ಆತು ಕಟ್ಟಾಕತ್ತಿ. ನೀ ನನಗ ಕಲಸ್ತಿ?" ಎಂದವನೇ ಹಂಪಯ್ಯ ಅವಳ ಕಪಾಳಕ್ಕೆ ಬಾರಿಸಿದ. ಅವಳು ಐದನೇ ದಿನವೂ, ಆರನೇ ದಿನವೂ ಹೋಗಿ ಬೆರಳು ನೋಡಿ ಬಂದಳು, ಬಾಯಿ ಬಿಡಲಿಲ್ಲ. ಏಳನೇ ದಿನ ಹುಸೇನಪ್ಪನಿಗೆ ವಾಸನೆ ಬಡಿಯಿತು. ತಮ್ಮನನ್ನು ರಾಯಚೂರಿಗೆ ಒಯ್ದ. ಅಲ್ಲಿ ಕಾಲನ್ನು ತೊಡೆಯವರೆಗೆ ಕತ್ತರಿಸಿದರು.

ಹನ್ನೊಂದು ದಿನ ಬಿಟ್ಟು, ಕನಕಮ್ಮನ ತಾಯಿ ಹುಲಗೆಮ್ಮ ಮುಂಜಾನೆ ಅಂಗಳ ಸಾರಿಸುತ್ತಿದ್ದಾಗ ಹುಸೇನಪ್ಪ ಮೂವರನ್ನು ಕಟ್ಟಿಕೊಂಡು ಬಂದ. ಹಂಪಯ್ಯನನ್ನು ಕೂದಲು ಹಿಡಿದು ಹೊರಗೆಳೆದರು. ರೋಗಿಗಳು ಕೂರುತ್ತಿದ್ದ ಕಟ್ಟೆಯ ಕಲ್ಲಿನ ಮೇಲೆ ಅವನ ಕೈಗಳನ್ನು ಚಾಚಿ ಹಿಡಿದರು.

"ಯಾವ ಕೈಲೆ ಕಟ್ಟಿದಿ ಲೇ?" ಹುಸೇನಪ್ಪ ಕೇಳಿದ.

ಅವನು ತಂದಿದ್ದ ಕೊಡಲಿಯ ಹಿಂಬದಿ ಮೊದಲು ಹಂಪಯ್ಯನ ಬಲಗೈ ಮೇಲೆ ಬಿತ್ತು, ಆಮೇಲೆ ಎಡಗೈ ಮೇಲೆ. ಮೂರನೇ ಏಟು ಬೀಳುವ ಮೊದಲು ಕನಕಮ್ಮ ಅಪ್ಪನ ಮೇಲೆ ಕವಿದುಬಿದ್ದಳು. ಅದು ಅವಳ ಬಲಭುಜಕ್ಕೆ ಬಿತ್ತು. ಒಳಗೆ ಎಲುಬು ಲಟಕ್ಕೆಂದದ್ದು ಅವಳಿಗೇ ಕೇಳಿಸಿತು. ಹುಲಗೆಮ್ಮ ಬೀದಿ ತುಂಬ ಚೀರಿದಳು. ಬಾಗಿಲಲ್ಲಿ ನಿಂತ ಓಣಿಯವರು ಒಬ್ಬರೂ ಮುಂದೆ ಬರಲಿಲ್ಲ.

ಪೊಲೀಸರು ಆಸ್ಪತ್ರೆಗೆ ಬಂದಾಗ ಹಂಪಯ್ಯ ಗೋಡೆ ಕಡೆ ತಿರುಗಿ ಮಲಗಿದ. "ಹುಡುಗನ ಕಾಲು ಹೋಗ್ಯಾದ. ನಾ ಏನಂತ ಬರಸ್ಲಿ?"

ಕನಕಮ್ಮ ಬರೆಸಿದಳು. ಹೊಡೆದವರು ಯಾರೆಂದು ಹೇಳಿದಳು. ಅಪ್ಪ ಕಟ್ಟಿದ ಕಟ್ಟಿನಿಂದಲೇ ಆ ಕಾಲು ಸತ್ತಿತೆಂಬುದನ್ನೂ ಹೇಳಿದಳು. ಅಂದಿನಿಂದ ಹಂಪಯ್ಯ ಮಗಳ ಜೊತೆ ಮಾತು ಬಿಟ್ಟ. ಹುಲಗೆಮ್ಮ ಗಂಡನಿಗೆ ತುತ್ತು ಉಣ್ಣಿಸುತ್ತ ಮಗಳಿಗೆ ಹಿಡಿಶಾಪ ಹಾಕಿದಳು.

ಐದು ವಾರಕ್ಕೆ ಪರೀಕ್ಷೆ ಬಂತು. ಒಂದು ಪುಟ ಬರೆಯುವಷ್ಟರಲ್ಲಿ ಭುಜ ಬೆಂಕಿಯಾಗುತ್ತಿತ್ತು. ಭೌತಶಾಸ್ತ್ರದಲ್ಲಿ ಫೇಲಾದಳು. ಎರಡನೇ ಸಲ ಬರೆದು ಪಾಸಾದಾಗ ಒಟ್ಟು ನೂರಕ್ಕೆ ನಲವತ್ತೊಂದು. ಡಾಕ್ಟರ್ ಓದುವ ಪ್ರವೇಶ ಪರೀಕ್ಷೆಯಲ್ಲಿ ಬಂದ ಅಂಕವನ್ನು ಅವಳು ಯಾರಿಗೂ ಹೇಳಲಿಲ್ಲ. ಎಲುಬು, ನರ, ಸ್ನಾಯುಗಳಿಗೆ ಕೈಯಿಂದಲೇ ಚಿಕಿತ್ಸೆ ಕಲಿಸುವ ಫಿಸಿಯೋಥೆರಪಿ ಕಾಲೇಜೊಂದು ರಾಯಚೂರಿನಲ್ಲಿದೆ ಎಂದು ತಿಳಿದಾಗ ಅರ್ಜಿ ಹಾಕಿದಳು.

ಸಂದರ್ಶನಕ್ಕೆ ಕೂತವರಲ್ಲಿ ಹಿರಿಯರು ಉಮ್ಮೇ ಕುಲ್ಸುಮ್ ಎಂಬ ಪ್ರಾಧ್ಯಾಪಕಿ. ಅಂಕಪಟ್ಟಿ ನೋಡಿ ಕನ್ನಡಕ ತೆಗೆದರು.

"ಈ ಮಾರ್ಕ್ಸ್ ತಗೊಂಡು ಇಲ್ಲಿ ಹ್ಯಾಂಗ ಓದ್ತೀಯಮ್ಮಾ? ಪುಸ್ತಕ ಎಲ್ಲಾ ಇಂಗ್ಲಿಷಿನಾಗ ಅದಾವ."

ಕನಕಮ್ಮ ನಡೆದದ್ದನ್ನೆಲ್ಲ ಹೇಳಿದಳು. ಕೊಡಲಿಯ ಮಾತು ಬಂದಾಗ ಪಕ್ಕದವರು ಬರೆಯುವುದನ್ನು ನಿಲ್ಲಿಸಿದರು. ಉಮ್ಮೇ ಕುಲ್ಸುಮ್ ಮಾತ್ರ ಬೇರೊಂದನ್ನೇ ಹಿಡಿದರು.

"ಬೆರಳು ಕರ್ರಗಾದದ್ದು ಎಷ್ಟು ದಿನ ನೋಡಿದಿ?"

"ಮೂರು ದಿನ ರೀ."

"ಮನ್ಯಾಗ ಕತ್ತರಿ ಇತ್ತಿಲ್ಲೋ? ನೀನ ಯಾಕ ಬಿಚ್ಚಲಿಲ್ಲ?"

ಯಾರೂ ಕೇಳಿರದ ಪ್ರಶ್ನೆ ಅದು. ಪೊಲೀಸರು ಕೇಳಿರಲಿಲ್ಲ, ಕಾಲು ಕಳೆದುಕೊಂಡವನೂ ಕೇಳಿರಲಿಲ್ಲ.

"ಅಂಜಿದೆ ರೀ ಮೇಡಂ. ಇನ್ನೊಂದು ಏಟು ಬೀಳ್ತದಂತ ಅಂಜಿದೆ."

ಉಮ್ಮೇ ಕುಲ್ಸುಮ್ ಅಂಕಪಟ್ಟಿ ಮಡಚಿಟ್ಟರು. "ನೂರಕ್ಕ ತೊಂಬತ್ತು ತಗೊಂಡವ್ರು ತಮ್ಮ ತಪ್ಪು ಹಿಂಗ ಹೇಳಂಗಿಲ್ಲ," ಎಂದು ಪಕ್ಕದವರಿಗೆ ಹೇಳಿ, ಅವಳ ಕಡೆ ತಿರುಗಿದರು. "ಸೀಟು ಕೊಡ್ತೀವಿ. ಮೊದಲ ವರ್ಷ ಫೇಲ್ ಆದ್ರ ಅತ್ತುಗೋತ ಬರಬ್ಯಾಡ."

ಫೇಲಾದಳು, ಶರೀರ ರಚನೆಯ ಪಾಠದಲ್ಲಿ. ಅಳದೆ ಮತ್ತೆ ಬರೆದಳು. ರಜೆಗೆ ಊರಿಗೆ ಹೋದಾಗ ಅಪ್ಪನ ಸೆಟೆದುಹೋಗಿದ್ದ ಬೆರಳುಗಳನ್ನು ಒಂದೊಂದಾಗಿ ಹಿಡಿದು ಬಾಗಿಸಿದಳು. ಹಂಪಯ್ಯ ನೋವಿಗೆ ಒದ್ದ, ಅವಳ ಮುಂಗೈ ಕಚ್ಚಿ ರಕ್ತ ಬರಿಸಿದ. ಮಾತಾಡಲಿಲ್ಲ. ಮೂರನೇ ವರ್ಷಕ್ಕೆ ಅವನು ತಾನೇ ಲೋಟ ಎತ್ತಿ ನೀರು ಕುಡಿದ. "ಸಾಕು ಬಿಡವಾ," ಎಂದ. ಅಷ್ಟು ವರ್ಷಗಳಲ್ಲಿ ಅವಳೊಂದಿಗೆ ಆಡಿದ ಮೊದಲ ಮಾತು ಅದು.

ಕೇಸಿನ ತೀರ್ಪು ಬಂದದ್ದು ಅವಳ ಕೊನೆಯ ವರ್ಷದಲ್ಲಿ. ಹುಸೇನಪ್ಪನಿಗೆ ಮೂರು ವರ್ಷ ಜೈಲು. ಮಾನ್ವಿಯ ಕೋರ್ಟಿನ ಹೊರಗೆ ಅವನ ತಾಯಿ ಹನುಮಂತಮ್ಮ ಕನಕಮ್ಮನ ಜಡೆ ಹಿಡಿದು ನೆಲಕ್ಕೆ ಕೆಡವಿದಳು. ತುಟಿ ಒಡೆಯಿತು.

"ಒಬ್ಬನ ಕಾಲು ತಿಂದ್ರಿ, ಒಬ್ಬನ್ನ ಜೈಲಿಗೆ ಹಾಕಿದ್ರಿ. ನೀ ಡಾಕ್ಟರ್ ಆಗ್ತಿಯೇನಬೇ?" ಎಂದು ಮುಖದ ಮೇಲೆ ಉಗುಳಿದಳು.

ಪೊಲೀಸರು ಬಿಡಿಸುವವರೆಗೂ ಕನಕಮ್ಮ ಕೈ ಎತ್ತಲಿಲ್ಲ. ಎದ್ದು ಓಢಣಿಯಿಂದ ಮುಖ ಒರೆಸಿಕೊಂಡಳು. ಮರುದಿನ ಪ್ರಾಕ್ಟಿಕಲ್ ಪರೀಕ್ಷೆಯಿತ್ತು. ತುಟಿಯ ರಕ್ತ ನಿಲ್ಲುವ ಮೊದಲೇ ಅವಳು ರಾಯಚೂರಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ಪುಸ್ತಕ ತೆರೆದಳು.